ಬೆಟ್ಟದ ರಸ್ತೆ ಪಕ್ಕದ ಒರತೆ ನೀರಿಗೆ ವಯಸ್ಸೆಷ್ಟು?

ಬೆಟ್ಟದ ರಸ್ತೇಲಿ ಹೋಗ್ತಾ ಒಂದು ತಿರುವಲ್ಲಿ ನಾಲ್ಕೈದು ಗಾಡಿ ಸೈಡಿಗೆ ನಿಂತಿದ್ರೆ ಒಂದೋ ಅದು ವ್ಯೂ ಪಾಯಿಂಟು, ಇಲ್ಲಾಂದ್ರೆ ಅಲ್ಲಿ ನೀರಿದೆ. ನೀರಾಗಿದ್ರೆ ದೂರದಿಂದ್ಲೇ ಗೊತ್ತಾಗತ್ತೆ. ಡಿಕ್ಕಿ ತೆಗೆದಿರತ್ತೆ, ಕ್ಯಾನುಗಳು ಸಾಲಾಗಿ ಕೂತಿರತ್ವೆ, ಬಂಡೆ ಸಂದಿಗೆ ಯಾರೋ ಯಾವ ಕಾಲದಲ್ಲೋ ಸಿಕ್ಕಿಸಿರೋ ಒಂದಿಂಚಿನ ಪೈಪಿಂದ ನೀರು ಬೀಳ್ತಿರತ್ತೆ, ಪೈಪಿನ ಬಾಯಿಗೆ ಕಟ್ಟಿರೋ ಬಟ್ಟೆ ತುಂಡು ಪಾಚಿ ಹಿಡಿದು ಹಸಿರಾಗಿರತ್ತೆ. ಹೊಸಬ ಒಬ್ಬ ಇಳಿದು ಬಂದು "ಈ ನೀರು ಕುಡೀಬಹುದಾ" ಅಂತ ಕೇಳ್ತಾನೆ, ಕ್ಯಾನ್ ತುಂಬಿಸ್ತಿರೋರು ತಲೆನೂ ಎತ್ತದೆ "ನಲವತ್ತು ವರ್ಷದಿಂದ ಕುಡೀತಿದೀವಿ, ಏನಾಗಿದೆ ನಮಗೆ" ಅಂತಾರೆ. ಲ್ಯಾಬ್ ರಿಪೋರ್ಟು ಅಲ್ಲಿಗೆ ಮುಗೀತು.

ನಾನೂ ಆ ಕ್ಯೂನಲ್ಲಿ ಕ್ಯಾನ್ ಹಿಡ್ಕೊಂಡು ನಿಂತೋನೇ, ಹಾಗಾಗಿ ಯಾರನ್ನೂ ಆಡ್ಕೊಳ್ಳೋಕೆ ಬರೀತಿಲ್ಲ. ಆದ್ರೆ ಆ ಪ್ರಶ್ನೆನೂ ಸರಿಯಿಲ್ಲ ಉತ್ತರನೂ ಸರಿಯಿಲ್ಲ ಅಂತ ಅನ್ಸೋಕೆ ಶುರುವಾಗಿ ಬಹಳ ದಿನ ಆಯ್ತು. ಒರತೆ ನೀರಿನ ವಿಷಯದಲ್ಲಿ ಕೇಳಬೇಕಾಗಿರೋದು ಎರಡೇ ಪ್ರಶ್ನೆ. ಈ ನೀರು ಮಳೆಯಾಗಿ ಬಿದ್ದು ಎಷ್ಟು ದಿನ ಆಯ್ತು, ಮತ್ತೆ ಬಿದ್ದ ಜಾಗದಿಂದ ಈ ಪೈಪಿನ ತನಕ ಬರೋ ದಾರೀಲಿ ಮೇಲ್ಗಡೆ ಏನೇನಿದೆ. ರುಚಿ, ತಂಪು, ತಿಳಿ, ನಲವತ್ತು ವರ್ಷದ ಸರ್ಟಿಫಿಕೇಟು ಯಾವುದೂ ಇದಕ್ಕೆ ಉತ್ತರ ಕೊಡಲ್ಲ.

ಮೊದಲು ಜನ ಯಾಕೆ ಬರ್ತಾರೆ ನೋಡೋಣ. ಮನೇಲಿ ನಲ್ಲಿನೇ ಇಲ್ದೋರು ಬರೋದು ಬೇರೆ ಮಾತು, ಅವರಿಗೆ ಬೇರೆ ದಾರಿ ಇಲ್ಲ. ಆದ್ರೆ ಕಾರಲ್ಲಿ ಇಪ್ಪತ್ತು ಕಿಲೋಮೀಟರ್ ಬಂದು ಆರು ಕ್ಯಾನ್ ತುಂಬಿಸ್ಕೊಂಡು ಹೋಗೋರ ಮನೇಲಿ ನಲ್ಲಿ ಇದ್ದೇ ಇರತ್ತೆ. ಅಮೆರಿಕದ ಅಪಲಾಚಿಯನ್ ಬೆಟ್ಟ ಸಾಲಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದೋರು ಐದು ರಾಜ್ಯಗಳ ರಸ್ತೆ ಬದಿ ಒರತೆಗಳ ನೀರನ್ನ ಪರೀಕ್ಷೆ ಮಾಡಿದ್ರು, ನೀರು ಹಿಡಿಯೋಕೆ ಬಂದೋರನ್ನೂ ಮಾತಾಡಿಸಿದ್ರು. ಬಹಳಷ್ಟು ಜನಕ್ಕೆ ಮನೇಲಿ ಪೈಪ್ ನೀರಿತ್ತು, ಅದರ ಮೇಲೆ ನಂಬಿಕೆ ಮಾತ್ರ ಇರ್ಲಿಲ್ಲ, ಇಲ್ಲಾ ಅದರ ರುಚಿ ಹಿಡಿಸ್ತಿರ್ಲಿಲ್ಲ. ಅವರು ಅಷ್ಟು ನಂಬಿಕೆಯಿಂದ ಹಿಡಿದುಕೊಂಡು ಹೋಗ್ತಿದ್ದ ಒರತೆಗಳ ಪೈಕಿ 80%ಗಿಂತ ಹೆಚ್ಚಿನವಲ್ಲಿ ಇ-ಕೋಲಿ ಅನ್ನೋ ಬ್ಯಾಕ್ಟೀರಿಯಾ ಸಿಕ್ಕಿತು, ಅಂದ್ರೆ ಮನುಷ್ಯರದೋ ಪ್ರಾಣಿಗಳದೋ ಮಲ ಎಲ್ಲೋ ನೀರಿಗೆ ಸೇರಿದೆ ಅಂತ ಅರ್ಥ. ಪೆನ್ಸಿಲ್ವೇನಿಯಾದಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದೋರು 37 ಒರತೆ ನೋಡಿದ್ರು, ಅಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಒರತೆಗಳು ಆರೋಗ್ಯಕ್ಕೆ ಸಂಬಂಧಪಟ್ಟ ಯಾವುದಾದ್ರೂ ಒಂದು ಮಾನದಂಡದಲ್ಲಿ ಫೇಲು.

ಆದ್ರೂ ಆ ಜನರನ್ನ ದಡ್ಡರು ಅನ್ನೋಕಾಗಲ್ಲ, ಅವರ ಅಪನಂಬಿಕೆಗೆ ಕಾರಣಗಳಿವೆ. 2014ರಲ್ಲಿ ಅಮೆರಿಕದ ಫ್ಲಿಂಟ್ ಅನ್ನೋ ಊರಲ್ಲಿ ದುಡ್ಡು ಉಳಿಸೋಕೆ ಅಂತ ನೀರಿನ ಮೂಲ ಬದಲಾಯಿಸಿ, ಪೈಪ್ ಕೊರೆಯದಂತೆ ಹಾಕಬೇಕಾಗಿದ್ದ ರಾಸಾಯನಿಕ ಹಾಕದೆ ಬಿಟ್ಟು, ಹಳೇ ಪೈಪುಗಳ ಸೀಸ ಮಕ್ಕಳ ಹೊಟ್ಟೆ ಸೇರಿದ್ದು ಪ್ರಪಂಚಕ್ಕೇ ಗೊತ್ತು. ಸರಿ ಬಾಟಲ್ ನೀರು ಕುಡಿಯೋಣ ಅಂದ್ರೆ 2024ರ ಜನವರಿಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಲೀಟರ್ ಬಾಟಲ್ ನೀರಲ್ಲಿ ಸರಾಸರಿ ಎರಡು ಲಕ್ಷದ ನಲವತ್ತು ಸಾವಿರದಷ್ಟು ಪ್ಲಾಸ್ಟಿಕ್ ಕಣ ಎಣಿಸಿ ತೋರಿಸಿದ್ರು. ನಲ್ಲಿ ನೀರಲ್ಲಿ ಕ್ಲೋರಿನ್ ವಾಸನೆ, ಬಾಟಲ್ ನೀರಲ್ಲಿ ಪ್ಲಾಸ್ಟಿಕ್ಕು, ಹೀಗಿರುವಾಗ ಬೆಟ್ಟದಿಂದ ಸೀದಾ ಇಳಿದು ಬರೋ ನೀರೇ ವಾಸಿ ಅನ್ಸೋದು ಸಹಜ. ಪೇಟೆ ಮಂದಿಯ ಒಂದು ಗುಂಪು ಇದನ್ನ "ರಾ ವಾಟರ್" ಅಂತ ಫ್ಯಾಷನ್ ಮಾಡಿ, ಯಾವ ಸಂಸ್ಕರಣೆನೂ ಮಾಡದ ಒರತೆ ನೀರನ್ನ ಗಾಜಿನ ಪಾತ್ರೇಲಿ ದುಬಾರಿ ರೇಟಿಗೆ ಮಾರಿದ್ದೂ ಆಯ್ತು. ನಲ್ಲಿ ಮೇಲೆ ಅನುಮಾನ ಪಡೋದು ತಪ್ಪಲ್ಲ, ಅದೇ ಅನುಮಾನವನ್ನ ಒರತೆ ಮೇಲೆ ಪಡದೆ ಇರೋದು ತಪ್ಪು.

ಈಗ ವಿಷಯಕ್ಕೆ ಬರ್ತೀನಿ. ಒರತೆ ರಸ್ತೆ ಪಕ್ಕದಲ್ಲೇ ಯಾಕೆ ಇರತ್ತೆ ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ? ಕೆಲವು ಕಡೆ ಒರತೆ ಮೊದಲಿತ್ತು, ನಡ್ಕೊಂಡು ಹೋಗೋರು ನೀರು ಕುಡಿಯೋಕೆ ನಿಲ್ತಿದ್ರು, ಕಾಲುದಾರಿ ಬಂತು, ಆಮೇಲೆ ರಸ್ತೆ ಆಯ್ತು. ಆದ್ರೆ ಬಹಳ ಕಡೆ ಆಗಿರೋದು ಉಲ್ಟಾ, ರಸ್ತೆ ಬಂದಿದ್ರಿಂದ ಒರತೆ ಹುಟ್ಟಿದೆ. ಬೆಟ್ಟದ ಮೇಲೆ ಬಿದ್ದ ಮಳೆ ಮಣ್ಣಲ್ಲಿ ಇಂಗಿ ಕೆಳಗಿರೋ ಗಟ್ಟಿ ಬಂಡೆ ಸಿಕ್ಕಿದ ಮೇಲೆ ಇನ್ನೂ ಕೆಳಗಿಳಿಯೋಕೆ ಜಾಗ ಇಲ್ದೆ ಬಂಡೆ ಮೇಲೆ ಮಣ್ಣಿನ ಅಡಿಯಲ್ಲಿ ಇಳಿಜಾರಿನ ಕಡೆ ಜಾರ್ತಾ ಹೋಗತ್ತೆ, ಅದು ಯಾರ ಕಣ್ಣಿಗೂ ಕಾಣದ ಹಾಗೆ ಕೆಳಗಿನ ಹಳ್ಳ ಸೇರಬೇಕಾಗಿದ್ದ ನೀರು. ನಡುವೆ ಜೆಸಿಬಿ ಬಂದು ಬೆಟ್ಟದ ಪಕ್ಕೆ ಸೀಳಿ ರಸ್ತೆ ಮಾಡಿದ್ರೆ ಮಣ್ಣು ಬಂಡೆ ಎರಡರ ನಡುವಿನ ಆ ಪದರ ಕತ್ತರಿಸಿ ಹೋಗಿ ನೀರು ಅಲ್ಲೇ ಹೊರಗೆ ಬೀಳತ್ತೆ. ಹೊಸ ರಸ್ತೆ ಆದ ಮೊದಲ ಮಳೆಗಾಲದಲ್ಲಿ ಗುಡ್ಡ ಕಡಿದ ಗೋಡೆಯನ್ನ ಒಂದ್ಸಲ ನೋಡಿ, ಮೇಲೆ ಮಣ್ಣು, ಕೆಳಗೆ ಕಲ್ಲು, ನಡುವೆ ಒಂದು ಒದ್ದೆ ಗೆರೆ ಪಟ್ಟಿ ಹಾಕಿದಂಗೆ ಕಾಣತ್ತೆ. ಆ ಗೆರೇಲಿ ಎಲ್ಲಿ ಜಾಸ್ತಿ ಸುರಿಯತ್ತೋ ಅಲ್ಲಿಗೆ ಯಾರೋ ಪೈಪ್ ಸಿಕ್ಕಿಸ್ತಾರೆ, ಎರಡು ವರ್ಷಕ್ಕೆ ಅದು "ಬೆಟ್ಟದ ಹೊಟ್ಟೆಯಿಂದ ಬರೋ ನೀರು" ಆಗತ್ತೆ. ಅದು ಹೊಟ್ಟೆಯಿಂದಲ್ಲ ಚರ್ಮದ ಅಡಿಯಿಂದ ಬರ್ತಿರೋದು. ಬೆಟ್ಟದ ಮೇಲೆ ನೂರಿನ್ನೂರು ಅಡಿ ಎತ್ತರದಲ್ಲಿ ದನ ಮೇದ್ರೆ, ಯಾರೋ ಶೌಚದ ಗುಂಡಿ ತೋಡಿದ್ರೆ, ಅದಕ್ಕೂ ನಿಮ್ಮ ಕ್ಯಾನಿಗೂ ನಡುವೆ ಇರೋದು ಕೆಲವೇ ಅಡಿ ಮಣ್ಣು.

ಇನ್ನೂ ಒಂದು ಜಾತಿ ಇದೆ, ಅದನ್ನ ಒರತೆ ಅನ್ನೋಕೂ ಆಗಲ್ಲ. ಬೆಟ್ಟದ ರಸ್ತೆಗೆ ಕಟ್ಟಿರೋ ತಡೆಗೋಡೆಗಳಲ್ಲಿ ಸಾಲಾಗಿ ತೂತು ಬಿಟ್ಟಿರ್ತಾರೆ, ಹಿಂದೆ ನೀರು ನಿಂತು ಗೋಡೆ ಉಬ್ಬಿ ಬೀಳದಿರಲಿ ಅಂತ. ಆ ತೂತಿಂದ ನೀರು ಬರತ್ತೆ, ಜನ ಬಾಟಲ್ ಹಿಡೀತಾರೆ. ಇನ್ನು ಕೆಲವು ಕಡೆ ಪೈಪು ಹಿಡ್ಕೊಂಡು ಮೇಲೆ ಹತ್ತಿ ನೋಡಿದ್ರೆ ಐವತ್ತು ಮೀಟರ್ ಆಚೆ ಅದು ಒಂದು ತೆರೆದ ತೋಡಿನಲ್ಲಿ ಮುಗಿದಿರತ್ತೆ, ಅಂದ್ರೆ ಕುಡೀತಿರೋದು ಹಳ್ಳದ ನೀರು, ಪೈಪಲ್ಲಿ ಬಂದಿದ್ದಕ್ಕೆ ಒರತೆ ಅಂತ ಹೆಸರು ಬಂತು ಅಷ್ಟೇ. ಹಾಗಾಗಿ ಯಾವುದೇ ಒರತೆ ನಂಬೋ ಮೊದಲು ಸಾಧ್ಯ ಆದ್ರೆ ಮೇಲೆ ಹತ್ತಿ ಒಂದ್ಸಲ ನೋಡ್ಕೊಂಡು ಬನ್ನಿ. ಯಾವ ಲ್ಯಾಬಿಗೂ ದುಡ್ಡು ಕಟ್ಟೋ ಮೊದಲು ಮಾಡಬೇಕಾದ ಪರೀಕ್ಷೆ ಇದು. ದನದ ಕೊಟ್ಟಿಗೆ, ಮನೆ, ಹೋಂಸ್ಟೇ, ಗೊಬ್ಬರ ಹಾಕೋ ತೋಟ, ಹಳೇ ಗಣಿ, ಇಲ್ಲಾ ಇನ್ನೊಂದು ತಿರುವು ಸುತ್ತಿ ಬಂದ ಅದೇ ರಸ್ತೆಯ ಚರಂಡಿ, ಇವು ಯಾವುದಾದ್ರೂ ಕಂಡ್ರೆ ಅರ್ಧ ಉತ್ತರ ಸಿಕ್ಕಿದ ಹಾಗೆ.

ಮಣ್ಣು ಸೋಸತ್ತೆ ಅಂತ ಎಲ್ಲರೂ ಹೇಳ್ತಾರೆ, ಅದು ನಿಜಾನೇ, ಆದ್ರೆ ಯಾವ ಮಣ್ಣು ಎಷ್ಟು ಹೊತ್ತು ಸೋಸತ್ತೆ ಅನ್ನೋದ್ರ ಮೇಲೆ ಎಲ್ಲ ನಿಂತಿದೆ. ಸಣ್ಣ ಮರಳಿನ ಪದರದಲ್ಲಿ ನೀರು ದಿನಕ್ಕೆ ಒಂದೆರಡು ಮೀಟರೂ ಹೋಗದೆ ಇರಬಹುದು, ಅಷ್ಟು ನಿಧಾನ ಹೋಗುವಾಗ ಬ್ಯಾಕ್ಟೀರಿಯಾಗಳು ಮರಳಿಗೆ ಅಂಟ್ಕೋತವೆ, ಊಟ ಇಲ್ದೆ ಸಾಯ್ತವೆ. ಜರ್ಮನಿಯಲ್ಲಿ ಕುಡಿಯೋ ನೀರಿನ ಮೂಲಗಳ ಸುತ್ತ ರಕ್ಷಣಾ ವಲಯ ಗುರುತು ಮಾಡೋವಾಗ 50 ದಿನದ ಲೆಕ್ಕ ಹಿಡೀತಾರೆ, ಅಂದ್ರೆ ನೆಲದೊಳಗೆ ನೀರು ಬಾವಿ ತಲುಪೋಕೆ 50 ದಿನ ತಗೊಳ್ಳೋ ದೂರದ ಒಳಗೆ ಗೊಬ್ಬರ ಚೆಲ್ಲೋದು, ಮನೆ ಕಟ್ಟೋದು ಇಂಥದಕ್ಕೆಲ್ಲ ಕಡಿವಾಣ. ಅಷ್ಟು ದಿನ ನೆಲದೊಳಗೆ ಕಳೆದ್ರೆ ಹೆಚ್ಚಿನ ರೋಗಾಣುಗಳು ಸಾಯ್ತವೆ ಅನ್ನೋದು ಅದರ ಹಿಂದಿನ ತರ್ಕ. ವಯಸ್ಸು ಅಂತ ನಾನು ಹೇಳ್ತಿರೋದು ಇದನ್ನೇ.

ಆದ್ರೆ ಬೆಟ್ಟದಲ್ಲಿ ಮರಳು ಎಲ್ಲಿದೆ? ಅಲ್ಲಿರೋದು ಬಿರುಕು ಬಿಟ್ಟ ಬಂಡೆ. ಬಿರುಕಲ್ಲಿ ನೀರು ಸೋಸಿಕೊಂಡು ಹೋಗಲ್ಲ, ಪೈಪಲ್ಲಿ ಹೋದ ಹಾಗೆ ಹೋಗತ್ತೆ. ಸುಣ್ಣದಕಲ್ಲಿನ ಬೆಟ್ಟ ಆದ್ರೆ ಇನ್ನೂ ಕಷ್ಟ, ಅಲ್ಲಿ ನೀರು ಕಲ್ಲನ್ನೇ ಕರಗಿಸಿ ಸುರಂಗ ಮಾಡ್ಕೊಂಡಿರತ್ತೆ. ಇದಕ್ಕೆ ಒಂದು ಹಳೇ ಪ್ರಯೋಗ ಇದೆ, ನಂಗೆ ಬಹಳ ಇಷ್ಟ. ಜರ್ಮನಿಯ ಇಮೆಂಡಿಂಗನ್ ಹತ್ರ ಡ್ಯಾನ್ಯೂಬ್ ನದಿ ನೀರು ಸುಣ್ಣದಕಲ್ಲಿನ ಸಂದಿಗಳಲ್ಲಿ ಇಳಿದು ಮಾಯ ಆಗತ್ತೆ, ಬೇಸಿಗೇಲಿ ನದಿ ಪಾತ್ರನೇ ಒಣಗಿ ಹೋಗತ್ತೆ. ಎಲ್ಲಿಗೆ ಹೋಗತ್ತೆ ಅಂತ ಜಗಳ ನಡೀತಿತ್ತು. 1877ರಲ್ಲಿ ಕ್ನೋಪ್ ಅನ್ನೋ ಭೂವಿಜ್ಞಾನಿ ಆ ಸಂದಿಗೆ 10 ಕೆಜಿ ಫ್ಲೋರೆಸೀನ್ ಬಣ್ಣ ಸುರಿಸಿದ್ರು. ಸುಮಾರು 60 ಗಂಟೆ ಆದ್ಮೇಲೆ 12 ಕಿಲೋಮೀಟರ್ ಆಚೆ ಇರೋ ಆಖ್ ಒರತೆ ಹಸಿರು ಹಸಿರಾಗಿ ಹೊಳೆಯೋಕೆ ಶುರುವಾಯ್ತು. ಎರಡೂವರೆ ದಿನ! ಒರತೆ ಹತ್ರ ನಿಂತು ನೋಡಿದೋರಿಗೆ ಅದು ನೆಲದ ಆಳದಿಂದ ಬಂದ ಪರಿಶುದ್ಧ ಜಲ, ನಿಜ ನೋಡಿದ್ರೆ ಮೊನ್ನೆ ತಾನೇ ನದೀಲಿ ಹರೀತಿದ್ದ ನೀರು.

ವಯಸ್ಸು ತಿಳ್ಕೊಳ್ಳೋಕೆ ವಿಜ್ಞಾನಿಗಳು ಐಸೋಟೋಪ್ ಪರೀಕ್ಷೆ ಅದೂ ಇದೂ ಮಾಡ್ತಾರೆ, ಆದ್ರೆ ನಮಗೆ ಅಂದಾಜು ಸಿಕ್ಕೋಕೆ ಒಂದು ಥರ್ಮಾಮೀಟರು, ಮೊಬೈಲಿನ ಸ್ಟಾಪ್‌ವಾಚು ಸಾಕು. ನೆಲದೊಳಗೆ ಸುಮಾರು ಹತ್ತು ಮೀಟರಿನಿಂದ ಕೆಳಗೆ ಬೇಸಿಗೆ ಚಳಿಗಾಲದ ವ್ಯತ್ಯಾಸ ತಲುಪಲ್ಲ, ಅಲ್ಲಿಂದ ಬರೋ ನೀರು ವರ್ಷಪೂರ್ತಿ ಹೆಚ್ಚುಕಮ್ಮಿ ಒಂದೇ ಉಷ್ಣಾಂಶದಲ್ಲಿರತ್ತೆ, ಆ ಜಾಗದ ವರ್ಷದ ಸರಾಸರಿ ಗಾಳಿಯ ಉಷ್ಣಾಂಶದ ಹತ್ತಿರ ಹತ್ತಿರ. ಅದಕ್ಕೇ ಒಳ್ಳೇ ಒರತೆ ಬೇಸಿಗೇಲಿ ತಂಪಗೆ, ಚಳೀಲಿ ಬೆಚ್ಚಗೆ ಅನ್ಸೋದು. ನಾನು ನೀರು ಹಿಡೀತಿದ್ದ ಒಂದು ಒರತೇಲಿ ಒಂದು ವರ್ಷ ಪ್ರತಿ ಸಲ ಹೋದಾಗ್ಲೂ ಥರ್ಮಾಮೀಟರ್ ಇಟ್ಟು ಬರ್ಕೊಂಡೆ, 20 ಲೀಟರ್ ಕ್ಯಾನ್ ತುಂಬೋಕೆ ಎಷ್ಟು ಹೊತ್ತು ಅಂತಾನೂ ಬರ್ಕೊಂಡೆ, ಹಿಂದೆ ಕ್ಯೂನಲ್ಲಿ ನಿಂತೋರು ಇವನಿಗೇನೋ ಆಗಿದೆ ಅನ್ನೋ ಥರ ನೋಡ್ತಿದ್ರು. ಒಣ ದಿನಗಳಲ್ಲಿ ಕ್ಯಾನ್ ತುಂಬೋಕೆ ಮೂರು ನಿಮಿಷದ ಹತ್ತಿರ ಬೇಕಿತ್ತು. ಜೋರು ಮಳೆ ಬಂದ ಮಾರನೇ ದಿನ ಹೋದ್ರೆ ಐವತ್ತು ಸೆಕೆಂಡು. ಉಷ್ಣಾಂಶನೂ ಎರಡು ಡಿಗ್ರಿ ಜಾರಿತ್ತು. ಕ್ಯಾನ್ ಎತ್ತಿ ಬೆಳಕಿಗೆ ಹಿಡಿದೆ, ತಿಳಿಯಾಗೇ ಇತ್ತು, ಆದ್ರೆ ರಾತ್ರಿ ಇಟ್ಟು ಬೆಳಿಗ್ಗೆ ನೋಡಿದ್ರೆ ತಳದಲ್ಲಿ ಉಗುರಿಗೆ ಹತ್ತೋವಷ್ಟು ಕಂದು ಗಷ್ಟು. ನಿನ್ನೆ ಸಂಜೆ ಬಿದ್ದ ಮಳೆ ಇವತ್ತು ಬೆಳಿಗ್ಗೆ ಪೈಪಲ್ಲಿ ಬರ್ತಿದೆ ಅಂದ್ರೆ ಅದು ಸೋಸಿದ ನೀರು ಹೇಗಾಗತ್ತೆ? ಹತ್ತು ಹನ್ನೆರಡು ಗಂಟೆ ವಯಸ್ಸಿನ ನೀರದು. ನಾನು ಅದನ್ನ ನಾಲ್ಕು ವರ್ಷ ಕಾಯಿಸದೆ ಕುಡಿದಿದ್ದೆ.

ಮಳೆ ಅನ್ನೋದು ಎಷ್ಟು ದೊಡ್ಡ ವಿಷಯ ಅಂತ ತೋರಿಸೋ ಘಟನೆಗಳು ಒಂದೆರಡಲ್ಲ. ಕೆನಡಾದ ವಾಕರ್ಟನ್‌ನಲ್ಲಿ 2000ದ ಮೇ ತಿಂಗಳಲ್ಲಿ ಜೋರು ಮಳೆಗೆ ದನದ ಗೊಬ್ಬರ ತೊಳೆದು ಹೋಗಿ ಒಂದು ಆಳವಿಲ್ಲದ ಬಾವಿ ಸೇರ್ತು, ಕ್ಲೋರಿನ್ ಹಾಕೋದ್ರಲ್ಲೂ ಪರೀಕ್ಷೆ ಮಾಡೋದ್ರಲ್ಲೂ ಅಲ್ಲಿಯೋರು ಮೋಸ ಮಾಡ್ತಿದ್ರು, 7 ಜನ ಸತ್ರು, 2,300 ಜನಕ್ಕೆ ಕಾಯಿಲೆ ಆಯ್ತು. ನ್ಯೂಜಿಲೆಂಡಿನ ಹ್ಯಾವ್‌ಲಾಕ್ ನಾರ್ತ್ ಕಥೆ ಇನ್ನೂ ಪಾಠ ಕಲಿಸೋ ಥರದ್ದು, ಯಾಕಂದ್ರೆ ಅಲ್ಲಿಯೋರು ನಮ್ಮದು ನೆಲದಡಿಯ ಶುದ್ಧ ನೀರು ಅಂತ ನಂಬಿ ಕ್ಲೋರಿನ್ನೇ ಹಾಕ್ತಿರ್ಲಿಲ್ಲ. 2016ರ ಆಗಸ್ಟಲ್ಲಿ ದೊಡ್ಡ ಮಳೆ ಬಂತು, ಕುರಿ ಹಿಕ್ಕೆಯಿಂದ ಕ್ಯಾಂಪಿಲೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಬಾವಿ ನೀರಿಗೆ ಇಳೀತು, 14,000 ಜನರ ಊರಲ್ಲಿ ಸುಮಾರು 5,500 ಜನ ಭೇದಿ ಹಿಡಿದು ಮಲಗಿದ್ರು ಅಂತ ತನಿಖೆ ಅಂದಾಜು ಮಾಡ್ತು, ಕೆಲವು ಸಾವುಗಳಿಗೂ ಇದಕ್ಕೂ ಸಂಬಂಧ ಇರಬಹುದು ಅಂತಾನೂ ಹೇಳ್ತು. ಫ್ರಾನ್ಸಿನ ಪೆರಿಯೆ ಅಂತ ಹೆಸರಾಂತ ಒರತೆ ನೀರಿನ ಬ್ರ್ಯಾಂಡಿನ ಒಂದು ಬಾವೀಲೂ 2024ರಲ್ಲಿ ಜೋರು ಮಳೆ ಆದ್ಮೇಲೆ ಮಲಮೂಲದ ಬ್ಯಾಕ್ಟೀರಿಯಾ ಸಿಕ್ಕಿ ಸುಮಾರು 20 ಲಕ್ಷ ಬಾಟಲ್ ನಾಶ ಮಾಡಬೇಕಾಯ್ತು. ಅದೇ ವರ್ಷ ಜನವರಿಲಿ ಅದರ ಮಾಲೀಕ ಕಂಪನಿ ನೆಸ್ಲೆ ತನ್ನ ಕೆಲವು ಮಿನರಲ್ ವಾಟರುಗಳಿಗೆ ಯುವಿ (ಕ್ರಿಮಿ ಕೊಲ್ಲೋ ನೇರಳಾತೀತ ಬೆಳಕು), ಕಾರ್ಬನ್ ಫಿಲ್ಟರ್ ಬಳಸಿದ್ದನ್ನ ಒಪ್ಕೊಂಡಿತ್ತು, ಯೂರೋಪಿನ ನಿಯಮದ ಪ್ರಕಾರ ಸಹಜ ಮಿನರಲ್ ವಾಟರ್ ಅಂತ ಮಾರೋ ನೀರಿಗೆ ಅಂಥ ಸಂಸ್ಕರಣೆ ಮಾಡೋ ಹಾಗೇ ಇಲ್ಲ, ಅದು ಮೂಲದಲ್ಲೇ ಶುದ್ಧ ಇರಬೇಕು. ಜಮೀನು ಕೊಂಡು, ಬೇಲಿ ಹಾಕಿ, ಭೂವಿಜ್ಞಾನಿಗಳನ್ನ ಸಂಬಳಕ್ಕೆ ಇಟ್ಕೊಂಡೋರ ಪಾಡೇ ಹೀಗಿರುವಾಗ ತಿರುವಿನ ಪೈಪಿನ ಗತಿ ಏನು ಲೆಕ್ಕ ಹಾಕಿ.

ರುಚಿ ವಿಷಯಕ್ಕೆ ಬರೋಣ, ಯಾಕಂದ್ರೆ ಕ್ಯೂನಲ್ಲಿ ಅತಿ ಹೆಚ್ಚು ಕೇಳೋ ಮಾತು ಅದೇ. ನೀರಿಗೆ ರುಚಿ ಬರೋದು ಅದ್ರಲ್ಲಿ ಕರಗಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬನೇಟ್ ಇಂಥ ಲವಣಗಳಿಂದ, ಸ್ವಲ್ಪ ಇಂಗಾಲದ ಡೈಆಕ್ಸೈಡಿಂದ, ಜೊತೆಗೆ ತಣ್ಣಗಿರೋದ್ರಿಂದ. ಕ್ಲೋರಿನ್ ಇಲ್ದೆ ಇರೋದೂ ಒಂದು ರುಚಿನೇ. ರೋಗಾಣುಗಳಿಗೆ ಮಾತ್ರ ರುಚಿ ಇಲ್ಲ, ನೈಟ್ರೇಟಿಗೂ ಇಲ್ಲ, ಆರ್ಸೆನಿಕ್ಕಿಗೂ ಇಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಪಂಪಿಂದ ಕಾಲರಾ ಹರಡಿದ್ದನ್ನ ಡಾಕ್ಟರ್ ಜಾನ್ ಸ್ನೋ ಕಂಡುಹಿಡಿದ ಕಥೆ ಎಲ್ಲರಿಗೂ ಗೊತ್ತು, ಆದ್ರೆ ಅದ್ರಲ್ಲಿ ಒಂದು ಸಣ್ಣ ವಿವರ ಇದೆ. ಊರ ಆಚೆ ಹ್ಯಾಂಪ್‌ಸ್ಟೆಡ್‌ನಲ್ಲಿ ಸುಸಾನಾ ಈಲಿ ಅನ್ನೋ ವಯಸ್ಸಾದ ವಿಧವೆ ಇದ್ರು, ಮೊದಲು ಬ್ರಾಡ್ ಸ್ಟ್ರೀಟ್ ಹತ್ರ ಇದ್ದೋರು, ಆ ಪಂಪಿನ ನೀರೇ ಅವರಿಗೆ ಇಷ್ಟ, ಹಾಗಾಗಿ ದಿನಾ ಗಾಡೀಲಿ ಒಂದು ಬಾಟಲ್ ತರಿಸ್ಕೊಂಡು ಕುಡೀತಿದ್ರು. ಅವರಿದ್ದ ಸುತ್ತಮುತ್ತ ಕಾಲರಾ ಇರ್ಲಿಲ್ಲ. ಅವರು ಸತ್ತಿದ್ದು ಕಾಲರಾದಿಂದ, ನೋಡೋಕೆ ಬಂದು ಅದೇ ನೀರು ಕುಡಿದ ಸೋದರ ಸಂಬಂಧಿ ಹುಡುಗಿನೂ ಸತ್ಲು. ಸ್ನೋಗೆ ಪಂಪೇ ಕಾರಣ ಅಂತ ಗಟ್ಟಿಯಾಗಿದ್ದು ಈ ಸಾವಿಂದ. ದೂರದಿಂದ ನೀರು ತರಿಸ್ಕೊಂಡು ಕುಡಿಯೋ ಅಭ್ಯಾಸ ಹೊಸದೇನಲ್ಲ ನೋಡಿ.

ಇನ್ನು ನಲವತ್ತು ವರ್ಷದ ಮಾತು. ಇದನ್ನ ಸುಳ್ಳು ಅನ್ನೋಕಾಗಲ್ಲ, ಹೇಳೋರು ನಿಜವಾಗ್ಲೂ ಕುಡಿದಿರ್ತಾರೆ, ಆರಾಮಾಗೂ ಇರ್ತಾರೆ. ಆದ್ರೆ ಮೂರು ವಿಷಯ ಬಿಟ್ಟು ಹೋಗತ್ತೆ. ಒಂದು, ಹೊಟ್ಟೆ ಕೆಟ್ಟಾಗ ನಾವು ದೂರೋದು ನಿನ್ನೆ ತಿಂದಿದ್ದನ್ನ. ಕ್ಯಾಂಪಿಲೋಬ್ಯಾಕ್ಟರ್ ಎರಡರಿಂದ ಐದು ದಿನ ಬಿಟ್ಟು ಕಾಡತ್ತೆ, ಗಿಯಾರ್ಡಿಯಾ ಅನ್ನೋ ಕರುಳಿನ ಪರೋಪಜೀವಿ ಒಂದೆರಡು ವಾರ ತಗೊಳ್ಳತ್ತೆ, ಹೆಪಟೈಟಿಸ್ ಎ ಬರೋಕೆ ಎರಡು ವಾರದಿಂದ ಏಳು ವಾರ, ಆಗ ಯಾರಿಗೆ ಒರತೆ ನೆನಪಾಗತ್ತೆ? ನಿನ್ನೆ ಮದುವೆ ಮನೇಲಿ ತಿಂದ ಸಿಹಿ ಬೈಸ್ಕೊಳ್ಳತ್ತೆ. ಎರಡು, ಚಿಕ್ಕಂದಿನಿಂದ ಅದೇ ನೀರು ಕುಡಿದೋರಿಗೆ ಅಲ್ಲಿಯ ಕೆಲವು ರೋಗಾಣುಗಳ ವಿರುದ್ಧ ಸ್ವಲ್ಪ ರೋಗನಿರೋಧಕ ಶಕ್ತಿ ಬಂದಿರತ್ತೆ, ಪೇಟೆಯಿಂದ ಬಂದ ಮೊಮ್ಮಗುಗೆ, ಬಸುರಿ ಸೊಸೆಗೆ, ಕೀಮೋ ತಗೊಳ್ತಿರೋ ನೆಂಟರಿಗೆ ಅದಿರಲ್ಲ, ಆದ್ರೆ ಕ್ಯಾನ್ ಒಂದೇ. ಮೂರನೇದೇ ನಂಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು, ನಲವತ್ತು ವರ್ಷದ ಹಿಂದಿನ ಬೆಟ್ಟ ಈಗಿಲ್ಲ. ಆಗ ಮೇಲೆ ಕಾಡಿತ್ತು. ಈಗ ರೆಸಾರ್ಟಿದೆ, ಅದಕ್ಕೊಂದು ಶೌಚದ ಇಂಗುಗುಂಡಿ ಇದೆ, ಕಾಡು ಕಡಿದು ತೋಟ ಆಗಿದೆ, ರಸ್ತೆ ಅಗಲ ಮಾಡಿ ಗುಡ್ಡ ಇನ್ನೂ ಇಪ್ಪತ್ತು ಅಡಿ ಒಳಗೆ ಕಡಿದಿದಾರೆ. ಪೈಪು ಮಾತ್ರ ಅದೇ ಜಾಗದಲ್ಲಿದೆ, ನೀರು ಬೇರೆ.

ಪರೀಕ್ಷೆ ಮಾಡಿಸಿದೀವಿ ಅನ್ನೋರೂ ಸಿಗ್ತಾರೆ, ಒಳ್ಳೇದೇ, ಯಾವಾಗ ಮಾಡಿಸಿದ್ರಿ ಅಂತ ಕೇಳಿ. ಬಹುತೇಕ ಎರಡು ಮೂರು ವರ್ಷದ ಹಿಂದೆ, ಬೇಸಿಗೇಲಿ, ಒಂದ್ಸಲ. ಒಣಗಿದ ತಿಂಗಳಲ್ಲಿ ಪೈಪಿಗೆ ಬರೋದು ನೆಲದೊಳಗೆ ಬಹಳ ದಿನ ಕಳೆದ ಹಳೇ ನೀರು, ಅದು ಪಾಸ್ ಆಗೋದು ಆಶ್ಚರ್ಯ ಅಲ್ಲ. ಅಲ್ಲಿಂದ ಬಂದ ರಿಪೋರ್ಟನ್ನ ಮಳೆಗಾಲದ ನೀರಿಗೂ ಅಂಟಿಸ್ಕೊಂಡು ಓಡಾಡೋದು ತಪ್ಪು. ಒಂದೇ ಸಲ ಮಾಡಿಸೋಕೆ ಆಗೋದಾದ್ರೆ ಜೋರು ಮಳೆ ಬಂದ ಮಾರನೇ ದಿನವೇ ಸ್ಯಾಂಪಲ್ ಹಿಡೀರಿ, ಅವತ್ತು ಪಾಸಾದ್ರೆ ಆ ಒರತೆಗೆ ನಾನೂ ಕೈ ಮುಗೀತೀನಿ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ 100 ಮಿಲಿಲೀಟರ್ ನೀರಲ್ಲಿ ಇ-ಕೋಲಿ ಒಂದೂ ಇರಬಾರದು. ಮನೇಲೇ ಮಾಡೋಕೆ ಹೆಚ್‌ಟುಎಸ್ ಬಾಟಲ್ ಅಂತ ಸಿಗತ್ತೆ, 1982ರಲ್ಲಿ ಭಾರತದ ವಿಜ್ಞಾನಿಗಳೇ ಹಳ್ಳಿಗಳಿಗೆ ಅಂತ ರೂಪಿಸಿದ್ದು, ನೀರು ತುಂಬಿಸಿ ಬೆಚ್ಚಗಿರೋ ಕಡೆ ಇಟ್ರೆ ಮಲದಲ್ಲಿರೋ ಥರದ ಬ್ಯಾಕ್ಟೀರಿಯಾ ಇದ್ದಾಗ ಒಂದೆರಡು ದಿನದಲ್ಲಿ ಕಪ್ಪಾಗತ್ತೆ. ಲ್ಯಾಬಿನಷ್ಟು ನಿಖರ ಅಲ್ಲ, ಕೆಲವು ಸಲ ಸುಮ್ನೆ ಕಪ್ಪಾಗೋದೂ ಉಂಟು. ಆದ್ರೂ ನಾನು ಹೇಳಿದ ಆ ಐವತ್ತು ಸೆಕೆಂಡಿನ ಕ್ಯಾನಿಂದ ತುಂಬಿಸಿಟ್ಟ ಬಾಟಲ್ ಮಾರನೇ ಬೆಳಿಗ್ಗೆ ಶಾಯಿ ಥರ ಕಪ್ಪಗೆ ಅಡುಗೆ ಕಟ್ಟೆ ಮೇಲೆ ಕೂತಿದ್ದು ನೋಡಿದ್ಮೇಲೆ ಮನೇಲಿ ಯಾರಿಗೂ ನಾನು ಏನೂ ವಿವರಿಸಬೇಕಾಗಿ ಬರ್ಲಿಲ್ಲ.

ಹಾಗಾದ್ರೆ ಹಿಡೀಲೇಬಾರದಾ? ಹಿಡೀರಿ, ಕಾಯಿಸಿ ಕುಡೀರಿ. ಕೊತಕೊತ ಕುದಿ ಬಂದ್ಮೇಲೆ ಒಂದು ನಿಮಿಷ ಸಾಕು, 2,000 ಮೀಟರಿಗಿಂತ ಎತ್ತರದಲ್ಲಿದ್ರೆ ಮೂರು ನಿಮಿಷ, ಅಲ್ಲಿ ನೀರು ಕಡಿಮೆ ಉಷ್ಣಾಂಶಕ್ಕೇ ಕುದಿಯತ್ತಲ್ಲ ಅದಕ್ಕೆ. ಕಾಯಿಸಿದ್ರೆ ಆ ರುಚಿ ಹೋಗತ್ತೆ ಅಂತ ಎಲ್ಲರ ತಕರಾರು, ಹೌದು ಕರಗಿದ ಗಾಳಿ ಹೋಗಿ ಸಪ್ಪೆ ಆಗತ್ತೆ, ಆರಿಸಿ ಎರಡು ಪಾತ್ರೆ ನಡುವೆ ನಾಲ್ಕು ಸಲ ಎತ್ತಿ ಹೊಯ್ದ್ರೆ ಅರ್ಧಕ್ಕರ್ಧ ವಾಪಸ್ ಬರತ್ತೆ. ವಾಸನೆ ಹಾಕದ ಸಾದಾ ಬ್ಲೀಚ್ ದ್ರಾವಣ, 5-6%ದು, ಲೀಟರಿಗೆ ಎರಡು ಹನಿ ಹಾಕಿ ಅರ್ಧ ಗಂಟೆ ಬಿಟ್ರೂ ಬ್ಯಾಕ್ಟೀರಿಯಾ, ವೈರಸ್ ಸಾಯ್ತವೆ, ಆದ್ರೆ ಕ್ರಿಪ್ಟೋಸ್ಪೊರಿಡಿಯಂ ಅನ್ನೋ ಜೀವಿ ಕ್ಲೋರಿನ್ನಿಗೆ ಬಗ್ಗಲ್ಲ, 1993ರಲ್ಲಿ ಅಮೆರಿಕದ ಮಿಲ್ವಾಕೀಲಿ ಕ್ಲೋರಿನ್ ಹಾಕಿದ ನೀರಲ್ಲೇ ಬಂದು ನಾಲ್ಕು ಲಕ್ಷ ಜನರನ್ನ ಮಲಗಿಸಿದ್ದು ಅದೇ. ಯುವಿ ಅದನ್ನ ಕೊಲ್ಲತ್ತೆ, ಆದ್ರೆ ನೀರು ಬಗ್ಗಡ ಇದ್ರೆ ಬೆಳಕು ಒಳಗೆ ಇಳಿಯಲ್ಲ, ಅಂದ್ರೆ ಮಳೆ ದಿನ ಎಲ್ಲಕ್ಕಿಂತ ಬೇಕಾದಾಗಲೇ ಅದು ಕೈ ಕೊಡತ್ತೆ. ಟ್ರೆಕ್ಕಿಂಗಿನೋರು ಇಟ್ಕೊಳ್ಳೋ ಸಣ್ಣ ಫಿಲ್ಟರುಗಳು ಬ್ಯಾಕ್ಟೀರಿಯಾ, ಗಿಯಾರ್ಡಿಯಾ ಹಿಡೀತವೆ, ವೈರಸ್ ನುಸುಳತ್ತೆ. ಹಾಗಾಗಿ ಸುತ್ತಿ ಬಳಸಿ ಕುದಿಸೋದೇ ಲೇಸು.

ಒಂದು ಎಚ್ಚರ, ಕುದಿಸೋದು ಕ್ರಿಮಿಗೆ ಮಾತ್ರ ಮದ್ದು. ಮೇಲೆ ಗೊಬ್ಬರ ಸುರಿಯೋ ತೋಟ ಇದ್ದು ನೀರಲ್ಲಿ ನೈಟ್ರೇಟ್ ಇದ್ರೆ, ಬಂಡೆಯಿಂದ ಫ್ಲೋರೈಡೋ ಆರ್ಸೆನಿಕ್ಕೋ ಬರ್ತಿದ್ರೆ, ಕುದಿಸಿದಷ್ಟೂ ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗತ್ತೆ. ನೈಟ್ರೇಟಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರೋ ಮಿತಿ ಲೀಟರಿಗೆ 50 ಮಿಲಿಗ್ರಾಂ, ಆರ್ಸೆನಿಕ್ಕಿಗೆ 10 ಮೈಕ್ರೋಗ್ರಾಂ. ಬಾಟಲ್ ಹಾಲಿನ ಪುಡಿ ಕಲಸಿ ಕುಡಿಸೋ ಎಳೇ ಮಗು ಇರೋ ಮನೇಲಿ ನೈಟ್ರೇಟ್ ನೋಡಿಸದೆ ಒರತೆ ನೀರು ಬಳಸಲೇಬೇಡಿ, ರಕ್ತ ಆಮ್ಲಜನಕ ಹೊರೋ ಶಕ್ತಿನೇ ಕಳ್ಕೊಳ್ಳತ್ತೆ, ಮಗು ನೀಲಿಗಟ್ಟತ್ತೆ. ಆಮೇಲೆ ಕ್ಯಾನು. ಒರತೆ ಬಗ್ಗೆ ಇಷ್ಟೆಲ್ಲ ಮಾತಾಡೋ ನಾವು ಕ್ಯಾನಿನೊಳಗೆ ಬೆರಳಾಡಿಸಿ ನೋಡಿರಲ್ಲ. ಒಂದ್ಸಲ ನೋಡಿ, ಜಾರತ್ತೆ. ಆ ಲೋಳೆ ಪೂರಾ ಬ್ಯಾಕ್ಟೀರಿಯಾ ಸಂಸಾರ, ಬರೀ ನೀರಲ್ಲಿ ಕುಲುಕಿದ್ರೆ ಹೋಗಲ್ಲ, ಉಜ್ಜಬೇಕು, ಬಾಯಿ ಚಿಕ್ಕದಾಗಿರೋ ಕ್ಯಾನಲ್ಲಿ ಕೈ ಹೋಗಲ್ಲ. ಒಂದು ಹಿಡಿ ದಪ್ಪ ಉಪ್ಪೋ ಅಕ್ಕಿಯೋ ಹಾಕಿ ಸ್ವಲ್ಪ ನೀರಲ್ಲಿ ಜೋರಾಗಿ ಕುಲುಕಿ, ತೊಳೆದು, ಬ್ಲೀಚ್ ನೀರು ಹಾಕಿಟ್ಟು, ಮತ್ತೆ ತೊಳೆದು ಬಿಸಿಲಿಗೆ ಬೋರಲು ಹಾಕಿ.

ಅಧಿಕಾರಿಗಳ ಕಡೆಯಿಂದ ಏನಾಗತ್ತೆ ಅಂದ್ರೆ ಎರಡೇ ಥರ. ಒಂದೋ ಕಣ್ಣು ಮುಚ್ಕೊಂಡಿರ್ತಾರೆ, ಇಲ್ಲಾಂದ್ರೆ "ಈ ನೀರು ಕುಡಿಯಲು ಯೋಗ್ಯವಲ್ಲ" ಅಂತ ಬೋರ್ಡ್ ಹಾಕಿ ಹೋಗ್ತಾರೆ, ಯಾವತ್ತಾದ್ರೂ ಏನಾದ್ರೂ ಆದ್ರೆ ನಮ್ಮ ತಲೆ ಮೇಲೆ ಬರದಿರಲಿ ಅಂತ. ಆ ಬೋರ್ಡಿಗೆ ಜನ ಕ್ಯಾನ್ ಒರಗಿಸಿ ನಿಲ್ತಾರೆ. ಯಾಕಂದ್ರೆ ಅದು ಯಾಕೆ ಯೋಗ್ಯ ಅಲ್ಲ, ಯಾವಾಗ ನೋಡಿದ್ರು, ಏನು ಸಿಕ್ಕಿತು ಅಂತ ಏನೂ ಹೇಳಲ್ಲ, ಕಾರಣ ಹೇಳದ ಬೋರ್ಡನ್ನ ಯಾರು ನಂಬ್ತಾರೆ. ಪೈಪೇ ಕಿತ್ತು ಹಾಕಿದ ಕಡೆ ಜನ ಇನ್ನೂ ಕೆಳಗೆ ಚರಂಡಿಗೆ ಹತ್ತಿರ ಹೊಸ ಪೈಪ್ ಹಾಕ್ಕೊಳ್ತಾರೆ, ಅದು ಇನ್ನೂ ಕೆಟ್ಟದ್ದು. ನನ್ನ ಕೇಳಿದ್ರೆ ಬೋರ್ಡಲ್ಲಿ ಕೊನೇ ಪರೀಕ್ಷೆಯ ತಾರೀಖು, ಸಿಕ್ಕಿದ್ದೇನು, ಮಳೆ ಬಂದ ಒಂದು ವಾರ ಹಿಡೀಬೇಡಿ, ಕುದಿಸಿ ಕುಡೀರಿ ಅನ್ನೋ ನಾಲ್ಕು ಸಾಲು ಇದ್ರೆ ಬೈಗುಳದಂಥ ಆ ಒಂದು ಸಾಲಿಗಿಂತ ಹತ್ತು ಪಾಲು ಕೆಲಸ ಆಗತ್ತೆ.

ಅದಕ್ಕಿಂತ ದೊಡ್ಡ ಕೆಲಸ ಇರೋದು ಪೈಪಿನ ಹತ್ರ ಅಲ್ಲ, ಮೇಲೆ. ಭಾರತದ ಹಿಮಾಲಯ ಭಾಗದಲ್ಲಿ ಸುಮಾರು 30 ಲಕ್ಷ ಒರತೆಗಳಿವೆ, ಅವುಗಳಲ್ಲಿ ವರ್ಷಪೂರ್ತಿ ಹರೀತಿದ್ದ ಅರ್ಧದಷ್ಟು ಒರತೆಗಳು ಒಣಗಿವೆ ಇಲ್ಲಾ ಬರೀ ಮಳೆಗಾಲಕ್ಕೆ ಸೀಮಿತ ಆಗಿವೆ ಅಂತ 2018ರಲ್ಲಿ ನೀತಿ ಆಯೋಗದ ವರದಿ ಹೇಳ್ತು. ಸಿಕ್ಕಿಂ ಸರ್ಕಾರ 2008ರಿಂದ ಧಾರಾ ವಿಕಾಸ್ ಅಂತ ಶುರು ಮಾಡಿ ಒರತೆ ಬಾಯನ್ನ ಸಿಮೆಂಟ್ ಮಾಡೋ ಬದಲು ಆ ಒರತೆಗೆ ನೀರು ಇಂಗೋ ಜಾಗ ಬೆಟ್ಟದಲ್ಲಿ ಎಲ್ಲಿದೆ ಅಂತ ಮೊದಲು ಹುಡುಕಿ ಅಲ್ಲಿ ಇಂಗುಗುಂಡಿ, ಕಂದಕ ತೋಡಿಸ್ತು, ಒಣಗಿದ್ದ ಒರತೆಗಳು ಮತ್ತೆ ಹರಿದ್ವು. ಅದು ನೀರಿನ ಪ್ರಮಾಣಕ್ಕೆ ಮಾಡಿದ್ದು, ಆದ್ರೆ ಆ ನಕ್ಷೆ ಇದ್ರೆ ಗುಣಮಟ್ಟ ಕಾಯೋದೂ ಸುಲಭ, ಯಾವ ಗದ್ದೇಲಿ ಗೊಬ್ಬರ ಹಾಕಬಾರದು, ಯಾರ ಶೌಚದ ಗುಂಡಿ ಎಲ್ಲಿಗೆ ಸರಿಸಬೇಕು ಅಂತ ಬೆರಳಿಟ್ಟು ತೋರಿಸಬಹುದು. ಇಂಗೋದು ನಿಧಾನ ಆದಷ್ಟೂ ಒರತೆಗೆ ಬರೋ ನೀರು ಹಳೇದಾಗತ್ತೆ, ಬೇಸಿಗೆಗೂ ಉಳಿಯತ್ತೆ.

ನಾನು ಈಗ್ಲೂ ಅಲ್ಲಿ ನಿಲ್ತೀನಿ. ಥರ್ಮಾಮೀಟರ್ ಡ್ಯಾಶ್‌ಬೋರ್ಡಲ್ಲೇ ಇದೆ. ಮಳೆ ಬಂದ ಮಾರನೇ ದಿನ ಆದ್ರೆ ಕ್ಯಾನ್ ಇಳಿಸಲ್ಲ, ಮುಖ ತೊಳ್ಕೊಂಡು ಹೊರಡ್ತೀನಿ. ಹೋದ ತಿಂಗಳು ಹಂಗೇ ಮುಖ ತೊಳೀತಿದ್ದಾಗ ಒಬ್ಬ ಹುಡುಗ ಬೈಕಿಂದ ಇಳಿದು "ಅಣ್ಣ, ಈ ನೀರು ಕುಡೀಬಹುದಾ" ಅಂದ. ನಿನ್ನೆ ಇಲ್ಲಿ ಮಳೆ ಬಂತಾ ಅಂತ ಕೇಳ್ದೆ. ಅವನು ನೀರು ಬಿಟ್ಟು ಆಕಾಶ ನೋಡಿದ.